ಬಿಡುವುದನ್ನು ಕಲಿಸುವ ಪರೀಕ್ಷೆ

ಹಿಂದಿನ ವರ್ಷ ಸೆಪ್ಟೆಂಬರಿನ ಒಂದು ಭಾನುವಾರ ಸಂಜೆ ಹುಡುಗಿಯೊಬ್ಬಳು ಮನೆಗೆ ಬಂದಳು. ಬಿ.ಕಾಂ. ಓದುವಾಗ ನನ್ನ ತರಗತಿಯಲ್ಲಿ ಕೂತು ಗಣಿತ ಕಲಿತವಳು, ಈಗ ಎಂಬಿಎ ಪ್ರವೇಶಕ್ಕೆಂದು ಕ್ಯಾಟ್ ಪರೀಕ್ಷೆಗೆ ತಯಾರಾಗುತ್ತಿದ್ದಳು. ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಒಂದು ಹಾಳೆ ಇತ್ತು. ಬಿಡಿಸಿ ನನ್ನ ಮುಂದಿಟ್ಟಳು. ಹದಿನಾಲ್ಕು ಅಂಕಿಗಳು ಒಂದರ ಕೆಳಗೊಂದು, ಪಕ್ಕದಲ್ಲಿ ತಾರೀಕು.

‘ಸರ್, ಹದಿನಾಲ್ಕು ಮಾಕ್ ಬರೆದೆ. ಮೊದಲನೇದರಲ್ಲಿ 58 ಪರ್ಸೆಂಟೈಲ್. ನಿನ್ನೆ ಬರೆದಿದ್ದರಲ್ಲಿ 61. ನನ್ನ ಕೈಲಿ ಆಗಲ್ಲ ಅನ್ಸತ್ತೆ.’

‘ಬರೆದಾದ ಮೇಲೆ ಏನು ಮಾಡ್ತೀಯಮ್ಮಾ?’

‘ಸ್ಕೋರ್ ನೋಡ್ತೀನಿ ಸರ್.’

‘ಆಮೇಲೆ?’

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬೇಜಾರಾಗತ್ತೆ. ಮಾರನೇ ದಿನದಿಂದ ಮತ್ತೆ ಓದೋಕೆ ಶುರು ಮಾಡ್ತೀನಿ’ ಅಂದಳು.

ಮಾಕ್ ಅಂದರೆ ಅಣಕು ಪರೀಕ್ಷೆ. ಹದಿನಾಲ್ಕು ಮಾಕ್ ಅಂದರೆ ಇಪ್ಪತ್ತೆಂಟು ಗಂಟೆ ಬೆವರು ಸುರಿಸಿದ ಲೆಕ್ಕ. ಆ ಇಪ್ಪತ್ತೆಂಟು ಗಂಟೆಯಲ್ಲಿ ಅವಳು ಎಲ್ಲಿ ಎಡವಿದಳು, ಯಾಕೆ ಎಡವಿದಳು ಎನ್ನುವುದೆಲ್ಲ ಮಾಕ್‌ಗಳ ವರದಿಯಲ್ಲಿ ದಾಖಲಾಗಿತ್ತು. ಅದನ್ನು ಯಾರೂ ತೆರೆದು ಓದಿರಲಿಲ್ಲ, ಅಷ್ಟೆ. ಇಂಥ ಹಾಳೆ ಹಿಡಿದು ಬರುವ ಮಕ್ಕಳನ್ನು ಹಲವು ವರ್ಷಗಳಿಂದ ನೋಡುತ್ತಿದ್ದೇನೆ. ಅವರಲ್ಲಿ ಶ್ರಮಕ್ಕೆ ಕೊರತೆಯಿಲ್ಲ. ಅಣಕು ಪರೀಕ್ಷೆಯನ್ನು ಏತಕ್ಕೆ ಬರೆಯುತ್ತೇವೆ ಎನ್ನುವುದನ್ನು ಮಾತ್ರ ಅವರಿಗೆ ಯಾರೂ ಕೂರಿಸಿಕೊಂಡು ಹೇಳಿರುವುದಿಲ್ಲ. ಅದಕ್ಕೇ ಈ ಬರಹ.

ನೂರೊಂಬತ್ತು ಸೆಕೆಂಡಿನ ಲೆಕ್ಕ

ಮೊದಲು ಪರೀಕ್ಷೆಯ ಸ್ವರೂಪ. ಕ್ಯಾಟ್ ಪರೀಕ್ಷೆಯನ್ನು ಭಾರತೀಯ ಮ್ಯಾನೇಜ್‌ಮೆಂಟ್ ಸಂಸ್ಥೆಗಳು, ಅಂದರೆ ಐಐಎಂಗಳು, ಸರದಿಯ ಮೇಲೆ ನಡೆಸುತ್ತವೆ. 2022ರಲ್ಲಿ ನಮ್ಮ ಬೆಂಗಳೂರಿನ ಐಐಎಂ ನಡೆಸಿತ್ತು, 2024ರಲ್ಲಿ ಕಲ್ಕತ್ತಾ, 2025ರಲ್ಲಿ ಕೋಯಿಕ್ಕೋಡ್. ಈಚಿನ ವರ್ಷಗಳಲ್ಲಿ ನವೆಂಬರ್ ತಿಂಗಳ ಕೊನೆಯ ಭಾನುವಾರ, ಒಂದೇ ದಿನ ಮೂರು ಪಾಳಿಯಲ್ಲಿ ನಡೆಯುತ್ತಿದೆ. 2009ರಿಂದ ಕಂಪ್ಯೂಟರಿನಲ್ಲೇ ಬರೆಯಬೇಕು. 2019ರವರೆಗೆ ಮೂರು ಗಂಟೆ ಇದ್ದ ಪರೀಕ್ಷೆ 2020ರಿಂದ ಎರಡು ಗಂಟೆಗೆ ಇಳಿದಿದೆ.

ಆ ಎರಡು ಗಂಟೆಯನ್ನು ಮೂರು ಪಾಲು ಮಾಡಿದ್ದಾರೆ. ಮೊದಲ 40 ನಿಮಿಷ ಇಂಗ್ಲಿಷ್ ಭಾಷೆ ಮತ್ತು ಓದಿ ಅರ್ಥೈಸಿಕೊಳ್ಳುವ ಶಕ್ತಿಗೆ, ಮುಂದಿನ 40 ನಿಮಿಷ ಕೋಷ್ಟಕ, ನಕ್ಷೆ, ತರ್ಕದ ಒಗಟುಗಳಿಗೆ, ಕೊನೆಯ 40 ನಿಮಿಷ ಗಣಿತಕ್ಕೆ. ಒಂದು ಭಾಗದಲ್ಲಿ ಸಮಯ ಉಳಿಯಿತೆಂದು ಮುಂದಿನದಕ್ಕೆ ಹಾರುವಂತಿಲ್ಲ, ಹಿಂದಿನದಕ್ಕೆ ಮರಳುವಂತೆಯೂ ಇಲ್ಲ. 2024ರ ಪರೀಕ್ಷೆಯಲ್ಲಿ ಒಟ್ಟು 68 ಪ್ರಶ್ನೆಗಳಿದ್ದವು: ಇಂಗ್ಲಿಷಿಗೆ 24, ಉಳಿದೆರಡು ಭಾಗಗಳಿಗೆ ತಲಾ 22. ಗಣಿತದ 40 ನಿಮಿಷವನ್ನು 22 ಪ್ರಶ್ನೆಗಳಿಗೆ ಹಂಚಿದರೆ ಒಂದೊಂದಕ್ಕೆ 109 ಸೆಕೆಂಡ್ ಸಿಗುತ್ತದೆ. ಪ್ರಶ್ನೆ ಓದುವುದು, ಅರ್ಥ ಮಾಡಿಕೊಳ್ಳುವುದು, ಲೆಕ್ಕ ಬಿಡಿಸುವುದು, ಉತ್ತರ ಒತ್ತುವುದು ಎಲ್ಲವೂ ಅದರೊಳಗೇ ಆಗಬೇಕು.

ಎಲ್ಲ ಪ್ರಶ್ನೆಗಳನ್ನೂ ಬಿಡಿಸಲಿ ಎಂಬ ಆಸೆಯಿಂದ ಕಟ್ಟಿದ ಪತ್ರಿಕೆ ಇದಲ್ಲ ಎನ್ನುವುದು ಈ ಲೆಕ್ಕದಿಂದಲೇ ಗೊತ್ತಾಗುತ್ತದೆ. ಒಟ್ಟು ಅಂಕದ ಅರ್ಧದ ಆಸುಪಾಸಿನಲ್ಲೇ 99 ಪರ್ಸೆಂಟೈಲ್ ಸಿಕ್ಕ ವರ್ಷಗಳಿವೆ. ಎಸ್ಸೆಸ್ಸೆಲ್ಸಿಯಿಂದ ಪದವಿಯವರೆಗೆ ನಮ್ಮ ಮಕ್ಕಳು ಕಲಿತು ಬಂದ ಅಭ್ಯಾಸವೋ ಇದಕ್ಕೆ ತೀರಾ ತದ್ವಿರುದ್ಧ. ಅಲ್ಲಿ ಒಂದು ಪ್ರಶ್ನೆ ಬಿಟ್ಟರೂ ಮನೆಯಲ್ಲಿ ಕೇಳುತ್ತಾರೆ. ‘ಏನಾದರೂ ಬರೆದು ಬಾ, ಖಾಲಿ ಬಿಡಬೇಡ’ ಎಂದು ನಾವು ಮೇಷ್ಟ್ರುಗಳೇ ಹೇಳಿ ಕಳಿಸಿದ್ದೇವೆ. ವರ್ಷಗಟ್ಟಲೆ ಮೈಗೂಡಿಸಿಕೊಂಡ ಆ ಬುದ್ಧಿಯನ್ನು ಯಾವ ಪುಸ್ತಕ ಓದಿಯೂ ಕಳೆದುಕೊಳ್ಳಲಾಗುವುದಿಲ್ಲ. ಪುಸ್ತಕ ಲೆಕ್ಕ ಮಾಡುವುದನ್ನು ಕಲಿಸುತ್ತದೆ. ಯಾವ ಲೆಕ್ಕ ಬಿಡಬೇಕು ಎನ್ನುವುದನ್ನು ಕಲಿಸುವುದು, ಗಡಿಯಾರ ಓಡುತ್ತಿರುವಾಗ ಕೂತು ಬರೆಯುವ ಅಣಕು ಪರೀಕ್ಷೆ.

ಒಂದೂ ಹೊಸ ಪಾಠ ಕಲಿಯದೆ ಹನ್ನೊಂದು ಅಂಕ

ಆ ಹುಡುಗಿಯ ಹದಿನಾಲ್ಕನೆಯ ಮಾಕ್‌ನ ಗಣಿತ ಭಾಗವನ್ನು ಇಬ್ಬರೂ ಕೂತು ತೆರೆದೆವು. 22ರಲ್ಲಿ 16 ಪ್ರಶ್ನೆಗಳಿಗೆ ಉತ್ತರಿಸಿದ್ದಳು. ಒಂಬತ್ತು ಸರಿ, ಏಳು ತಪ್ಪು. ಕ್ಯಾಟ್‌ನಲ್ಲಿ ಸರಿ ಉತ್ತರಕ್ಕೆ 3 ಅಂಕ, ಆಯ್ಕೆಯಿರುವ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ 1 ಅಂಕ ಕಡಿತ. ಅಂದರೆ 27ರಲ್ಲಿ 7 ಹೋಗಿ 20.

ಯಾವ ಪ್ರಶ್ನೆಗೆ ಎಷ್ಟು ಹೊತ್ತು ಹಿಡಿಯಿತು ಎನ್ನುವುದನ್ನೂ ಮಾಕ್‌ನ ವರದಿ ತೋರಿಸುತ್ತದೆ. ಏಳು ತಪ್ಪುಗಳಲ್ಲಿ ಐದಕ್ಕೆ ಅವಳು ತಲಾ ಮೂರು ನಿಮಿಷಕ್ಕೂ ಹೆಚ್ಚು ಸಮಯ ಕೊಟ್ಟಿದ್ದಳು. ಅರ್ಧ ದಾರಿಯಲ್ಲಿ ದಿಕ್ಕು ತಪ್ಪಿದ್ದು ಗೊತ್ತಾಗಿದೆ. ಇಷ್ಟು ಹೊತ್ತು ಹೆಣಗಿದ ಮೇಲೆ ಹೇಗೆ ಬಿಡುವುದು ಎಂಬ ಹಟಕ್ಕೆ ಬಿದ್ದು, ಕೊನೆಗೆ ಅಂದಾಜಿಗೆ ಒಂದು ಉತ್ತರ ಒತ್ತಿ ಮುಂದೆ ಹೋಗಿದ್ದಾಳೆ. ಅಲ್ಲಿಗೆ ಹದಿನೈದು ನಿಮಿಷಕ್ಕಿಂತ ಹೆಚ್ಚು ಸಮಯ ಹೋಯಿತು, ಜೊತೆಗೆ ಐದು ಅಂಕವೂ ಹೋಯಿತು.

ಇತ್ತ ಪತ್ರಿಕೆಯ ಕೊನೆಯಲ್ಲಿ ಅವಳು ಕಣ್ಣೆತ್ತಿಯೂ ನೋಡದ ಆರು ಪ್ರಶ್ನೆಗಳಿದ್ದವು. ಹಾಳೆ, ಪೆನ್ನು ಕೊಟ್ಟು ನನ್ನೆದುರೇ ಮಾಡಲು ಹೇಳಿದೆ. ಎರಡನ್ನು ತಲಾ ಒಂದು ನಿಮಿಷದೊಳಗೆ ಬಿಡಿಸಿದಳು. ‘ಅಯ್ಯೋ, ಇದು ಇಷ್ಟು ಸುಲಭ ಇತ್ತಾ ಸರ್!’ ಎಂದು ಪೆನ್ನು ಕೆಳಗಿಟ್ಟಳು.

ಈಗ ಲೆಕ್ಕ ಹಾಕಿ. ಆ ಐದನ್ನು ಬಿಟ್ಟಿದ್ದರೆ ಉಳಿಯುವುದು 25. ಉಳಿದ ಸಮಯದಲ್ಲಿ ಈ ಎರಡನ್ನು ಮಾಡಿದ್ದರೆ ಇನ್ನೂ 6 ಸೇರಿ 31. ಒಂದೂ ಹೊಸ ಸೂತ್ರ ಕಲಿಯದೆ, ಒಂದೂ ಹೊಸ ಪಾಠ ಓದದೆ 20 ಇದ್ದದ್ದು 31 ಆಗುತ್ತಿತ್ತು. ಅವಳಿಗೆ ಗಣಿತ ಬರುತ್ತಿತ್ತು. ಯಾವುದನ್ನು ಬಿಡಬೇಕು ಎನ್ನುವುದೊಂದೇ ಬರುತ್ತಿರಲಿಲ್ಲ.

ಅಂದಾಜಿಗೆ ಒತ್ತುವ ವಿಚಾರಕ್ಕೂ ಒಂದು ಸರಳ ಲೆಕ್ಕವಿದೆ. ನಾಲ್ಕು ಆಯ್ಕೆಗಳಲ್ಲಿ ಕಣ್ಣು ಮುಚ್ಚಿ ಒಂದನ್ನು ಒತ್ತಿದರೆ ನಾಲ್ಕು ಸಲಕ್ಕೆ ಒಮ್ಮೆ ಸರಿಯಾಗಬಹುದು. ಬಂದದ್ದು 3 ಅಂಕ, ಮೂರು ತಪ್ಪಿಗೆ ಹೋದದ್ದೂ 3 ಅಂಕ. ಕೈಗೆ ಸಿಕ್ಕಿದ್ದು ಸೊನ್ನೆ, ಸಮಯ ನಷ್ಟ. ಎರಡು ಆಯ್ಕೆಗಳು ಖಂಡಿತ ತಪ್ಪೆಂದು ತಿಳಿದು ಉಳಿದೆರಡರಲ್ಲಿ ಒಂದನ್ನು ಒತ್ತಿದರೆ ಮಾತ್ರ ಸರಾಸರಿ ಒಂದು ಅಂಕದ ಲಾಭವಿದೆ. ಆಯ್ಕೆ ಕೊಡದೆ ಉತ್ತರವನ್ನು ನಾವೇ ಟೈಪ್ ಮಾಡಬೇಕಾದ ಪ್ರಶ್ನೆಗಳೂ ಇರುತ್ತವೆ, ಹುಡುಗರು ‘ಟೀಟಾ’ ಅನ್ನುತ್ತಾರೆ. ಅವುಗಳಲ್ಲಿ ತಪ್ಪಾದರೆ ಕಡಿತವಿಲ್ಲ. ಬಿಡಿಸಿದ ಟೀಟಾ ಪ್ರಶ್ನೆಗೆ ಸಂಶಯವಿದೆಯೆಂದು ಉತ್ತರ ಹಾಕದೆ ಬರುವುದು ಶುದ್ಧ ನಷ್ಟ.

ಆದರೆ ಈ ಲೆಕ್ಕ ಕ್ಯಾಟ್‌ಗೆ ಸೇರಿದ್ದು. ನಮ್ಮ ರಾಜ್ಯದ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಸ್ನಾತಕೋತ್ತರ ಪ್ರವೇಶಕ್ಕೆ ನಡೆಸುವ ಪಿಜಿಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಡಿತವೇ ಇಲ್ಲ. ಅಲ್ಲಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಜಮ್ಷೆಡ್‌ಪುರದ ಎಕ್ಸ್‌ಎಲ್‌ಆರ್‌ಐ ನಡೆಸುವ ಕ್ಸ್ಯಾಟ್‌ನಲ್ಲಿ ತಪ್ಪಿಗೆ ಕಾಲು ಅಂಕ ಹೋಗುವುದರ ಜೊತೆಗೆ, ಎಂಟಕ್ಕಿಂತ ಹೆಚ್ಚು ಪ್ರಶ್ನೆ ಬಿಟ್ಟರೆ ಎಂಟರ ಮೇಲೆ ಬಿಟ್ಟ ಒಂದೊಂದಕ್ಕೂ 0.10 ಅಂಕ ಕಡಿತ. ವಿದೇಶದ ಬಿಸಿನೆಸ್ ಸ್ಕೂಲುಗಳಿಗೆ ಬೇಕಾದ ಜಿಮ್ಯಾಟ್‌ನಲ್ಲಿ ಉತ್ತರ ಕೊಡದೆ ಮುಂದಿನ ಪ್ರಶ್ನೆಗೆ ಹೋಗುವಂತೆಯೇ ಇಲ್ಲ. ಒಂದು ಭಾಗ ಮುಗಿದ ಮೇಲೆ ಸಮಯ ಉಳಿದಿದ್ದರೆ ಮೂರು ಉತ್ತರಗಳನ್ನಷ್ಟೇ ತಿದ್ದಬಹುದು. ಒಂದು ಪರೀಕ್ಷೆಯ ಜಾಣತನ ಇನ್ನೊಂದರಲ್ಲಿ ಮುಳುಗಿಸಬಹುದು. ಹಾಗಾಗಿ ಯಾವ ಪರೀಕ್ಷೆ ಬರೆಯುತ್ತೀರೋ ಅದೇ ನಿಯಮದ, ಅದೇ ಅವಧಿಯ ಮಾಕ್ ಬರೆಯಬೇಕು. ಕ್ಯಾಟ್ ಮಾಕ್ ಬರೆದು ಬರೆದು ಪಿಜಿಸಿಇಟಿಗೆ ಹೋಗಿ ಇಪ್ಪತ್ತು ಪ್ರಶ್ನೆ ಖಾಲಿ ಬಿಟ್ಟು ಬಂದ ಹುಡುಗರನ್ನು ನಾನೇ ನೋಡಿದ್ದೇನೆ.

ಓದಿದ್ದು ಉಳಿಯುವುದು ಹೇಗೆ

‘ಇನ್ನೂ ಸಿಲಬಸ್ ಮುಗಿದಿಲ್ಲ ಸರ್, ಮುಗಿದ ಮೇಲೆ ಮಾಕ್ ಬರೀತೀನಿ’ ಎನ್ನುವವರು ಬಹಳ. ನೋಡಲು ಇದು ಸರಿಯಾದ ಕ್ರಮದ ಹಾಗೆಯೇ ಕಾಣುತ್ತದೆ. ಆದರೆ ಪರೀಕ್ಷೆ ಬರೆಯುವುದು ಕಲಿತದ್ದನ್ನು ಅಳೆಯುವ ಕೆಲಸ ಮಾತ್ರವಲ್ಲ, ಅದೇ ಕಲಿಕೆಯ ಒಂದು ದಾರಿ ಎನ್ನುವುದಕ್ಕೆ ಸಂಶೋಧನೆಯ ಆಧಾರವಿದೆ.

ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿದ್ದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಚಿಕ್ಕ ಗದ್ಯಭಾಗಗಳನ್ನು ಓದಲು ಕೊಟ್ಟರು. ಕೆಲವು ಭಾಗಗಳನ್ನು ಎರಡನೆಯ ಸಲವೂ ಓದಿಸಿದರು. ಇನ್ನು ಕೆಲವನ್ನು ಓದಿಸುವ ಬದಲು ನೆನಪಿನಿಂದ ಬರೆಸಿದರು. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಎರಡು ಸಲ ಓದಿದ್ದರಲ್ಲಿ ಶೇ 81ರಷ್ಟು ನೆನಪಿತ್ತು, ಬರೆದು ನೋಡಿದ್ದರಲ್ಲಿ ಶೇ 75. ಓದಿದ್ದೇ ಗೆದ್ದಂತೆ ಕಂಡಿತು. ಒಂದು ವಾರದ ನಂತರ ನೋಡಿದರೆ ಎರಡು ಸಲ ಓದಿದ್ದು ಶೇ 42ಕ್ಕೆ ಇಳಿದಿತ್ತು. ಬರೆದು ನೋಡಿದ್ದು ಶೇ 56ರಲ್ಲಿ ನಿಂತಿತ್ತು.

ಕ್ಯಾಟ್ ನೆನಪಿನ ಪರೀಕ್ಷೆಯಲ್ಲ, ನಿಜ. ಆದರೂ ಲಾಭ-ನಷ್ಟ, ಕಾಲ-ವೇಗ, ಸಮೀಕರಣಗಳ ಹಿಂದೆ ನೆನಪಿಗೆ ಬರಬೇಕಾದ ನೂರು ಸಣ್ಣ ಸಂಗತಿಗಳಿರುತ್ತವೆ. ಬಿಡಿಸಿಟ್ಟ ಲೆಕ್ಕವನ್ನು ಓದುವಾಗ ಎಲ್ಲವೂ ಗೊತ್ತಿದೆ ಅನ್ನಿಸುತ್ತದೆ. ಪುಸ್ತಕ ಮುಚ್ಚಿ ತಾನೇ ಬಿಡಿಸಲು ಕೂತಾಗ ಮೊದಲ ಸಾಲೇ ಹೊಳೆಯುವುದಿಲ್ಲ. ಒಳಗಿರುವುದನ್ನು ಹೊರಗೆ ತೆಗೆಯುವ ಆ ಒದ್ದಾಟದಲ್ಲೇ ವಿದ್ಯೆ ಗಟ್ಟಿಯಾಗುತ್ತದೆ. ನಮ್ಮ ಹಿರಿಯರು ಮಗ್ಗಿಯನ್ನು ಓದಿಸದೆ ಬಾಯಲ್ಲಿ ಹೇಳಿಸುತ್ತಿದ್ದುದೂ ಇದೇ ಕಾರಣಕ್ಕೆ. ನೀರಿಗಿಳಿಯದೆ ಈಜು ಬರುವುದಿಲ್ಲ. ಸಿಲಬಸ್ ಮುಗಿಯಲಿ ಎಂದು ದಡದಲ್ಲಿ ಕಾಯುತ್ತ ಕೂತರೆ ನವೆಂಬರಿನಲ್ಲಿ ಯುದ್ಧಕಾಲೇ ಶಸ್ತ್ರಾಭ್ಯಾಸವಾಗುತ್ತದೆ.

ಎರಡು ಗಂಟೆ ಬರೆದರೆ ನಾಲ್ಕು ಗಂಟೆ ಓದಿ

ಈ ಅಂಕಣದ ಮುಖ್ಯ ಮಾತು ಇದು. ಮಾಕ್ ಬರೆದು ಮುಗಿಸಿದಾಗ ಅರ್ಧ ಕೆಲಸ ಆಗಿರುತ್ತದೆ. ಉಳಿದ ಅರ್ಧ, ಬರೆದದ್ದನ್ನು ಓದುವುದು. ಎರಡು ಗಂಟೆ ಬರೆದ ಪರೀಕ್ಷೆಯನ್ನು ಓದಲು ನಾಲ್ಕು ಗಂಟೆಯಾದರೂ ಕೊಡಿ. ಅಷ್ಟು ಪುರುಸೊತ್ತು ಇಲ್ಲದ ವಾರದಲ್ಲಿ ಮಾಕ್ ಬರೆಯುವುದೇ ಬೇಡ.

ಇದಕ್ಕೆ ಬೇಕಾದದ್ದು ಇನ್ನೂರು ಪುಟದ ಒಂದು ನೋಟ್‌ಬುಕ್ಕು. ಅದನ್ನು ತಪ್ಪಿನ ಪುಸ್ತಕ ಎಂದು ಕರೆಯುತ್ತೇನೆ. ಉತ್ತರದ ವಿವರಣೆ ತೆರೆಯುವ ಮೊದಲು, ತಪ್ಪಾದ ಮತ್ತು ಬಿಟ್ಟ ಎಲ್ಲ ಪ್ರಶ್ನೆಗಳನ್ನೂ ಗಡಿಯಾರದ ಹಂಗಿಲ್ಲದೆ ಇನ್ನೊಮ್ಮೆ ಮಾಡಿ ನೋಡಬೇಕು. ಆಮೇಲೆ ಒಂದೊಂದಕ್ಕೂ ಒಂದು ಸಾಲು ಬರೆದು, ಕೊನೆಯಲ್ಲಿ ಈ ಐದರಲ್ಲಿ ಒಂದು ಹಣೆಪಟ್ಟಿ ಹಚ್ಚಬೇಕು.

‘ಗೊತ್ತಿಲ್ಲ’: ವಿಷಯವೇ ತಿಳಿದಿರಲಿಲ್ಲ. ‘ಅವಸರ’: ಗೊತ್ತಿತ್ತು, ಓದುವಾಗಲೋ ಕೂಡಿಸುವಾಗಲೋ ಎಡವಿದೆ. ‘ಬಿಡಬೇಕಿತ್ತು’: ಹಟ ಹಿಡಿದು ಸಮಯ ಕಳೆದೆ. ‘ನೋಡಲಿಲ್ಲ’: ಬರುತ್ತಿತ್ತು, ಅಲ್ಲಿಗೆ ತಲುಪಲೇ ಇಲ್ಲ. ‘ಗಾಳಿಗುಂಡು’: ಉತ್ತರ ಸರಿಯಾಯಿತು, ಹೇಗೆಂದು ನನಗೇ ಗೊತ್ತಿಲ್ಲ. ಈ ಕೊನೆಯದನ್ನು ಮರೆಯಬೇಡಿ. ಗಾಳಿಯಲ್ಲಿ ಹೊಡೆದ ಗುಂಡು ಇವತ್ತು ತಾಗಿದೆ, ನವೆಂಬರಿನಲ್ಲೂ ತಾಗುತ್ತದೆಂಬ ಭರವಸೆ ಇಲ್ಲ.

ಆ ಹುಡುಗಿ ಮೊದಲ ವಾರ ಬರೆದ ಪುಟದಿಂದ ಮೂರು ಸಾಲು ಇಲ್ಲಿ ಕೊಡುತ್ತೇನೆ.

‘ಪ್ರಶ್ನೆ 5. ಲಾಭ-ನಷ್ಟ. 80 ರೂಪಾಯಿಗೆ ಕೊಂಡು 100ಕ್ಕೆ ಮಾರಿದ ಲೆಕ್ಕ. ಶೇ 20 ಅಂದೆ, ಸರಿ ಉತ್ತರ ಶೇ 25. ಕೊಂಡ ಬೆಲೆಯ ಮೇಲೆ ಕೇಳಿದ್ದರು, ಮಾರಿದ ಬೆಲೆಯ ಮೇಲೆ ತೆಗೆದೆ. ಅವಸರ.’

‘ಪ್ರಶ್ನೆ 11. ವೃತ್ತ, ಸ್ಪರ್ಶಕ. 5 ನಿಮಿಷ 40 ಸೆಕೆಂಡ್. ಕೊನೆಗೆ ಅಂದಾಜಿಗೆ ಒತ್ತಿದೆ, ತಪ್ಪು. ಬಿಡಬೇಕಿತ್ತು.’

‘ಪ್ರಶ್ನೆ 19. ಸರಾಸರಿ. ನೋಡಲಿಲ್ಲ. ಮನೆಯಲ್ಲಿ ಮಾಡಿದೆ, 50 ಸೆಕೆಂಡ್.’

ಎರಡನೆಯ ಮತ್ತು ಮೂರನೆಯ ಸಾಲನ್ನು ಒಟ್ಟಿಗೆ ಓದಿ. ಹನ್ನೊಂದನೆಯ ಪ್ರಶ್ನೆ ಹತ್ತೊಂಬತ್ತನೆಯದನ್ನು ನುಂಗಿದೆ. ಇದನ್ನು ನಾನು ಹತ್ತು ಸಲ ಬಾಯಲ್ಲಿ ಹೇಳಿದ್ದರೂ ಅವಳಿಗೆ ನಾಟುತ್ತಿರಲಿಲ್ಲ. ತನ್ನ ಕೈಬರಹದಲ್ಲೇ ಕಂಡಾಗ ನಾಟಿತು.

ಇಂಥ ಐದಾರು ಮಾಕ್‌ಗಳ ಪುಟಗಳು ಸೇರಿದ ಮೇಲೆ ಹಣೆಪಟ್ಟಿಗಳನ್ನು ಎಣಿಸಿ. ‘ಗೊತ್ತಿಲ್ಲ’ ಹೆಚ್ಚಿದ್ದರೆ ಪುಸ್ತಕಕ್ಕೆ ಮರಳಿ, ಯಾವ ಅಧ್ಯಾಯವೆಂದು ಪುಟಗಳೇ ಹೇಳುತ್ತವೆ. ‘ಅವಸರ’ ಹೆಚ್ಚಿದ್ದರೆ ಪ್ರಶ್ನೆಯ ಕೊನೆಯ ಸಾಲನ್ನು ಎರಡು ಸಲ ಓದುವ ಅಭ್ಯಾಸ ಮಾಡಿಕೊಳ್ಳಿ. ಇವುಗಳಲ್ಲಿ ಯಾವುದು ‘ಅಲ್ಲ’ ಎಂದು ಕೇಳಿದ ಪ್ರಶ್ನೆಗೆ ‘ಹೌದು’ ಎನ್ನುವುದನ್ನು ಹುಡುಕಿ ಕೂರುವವರು ತುಂಬಾ ಜನ. ‘ಬಿಡಬೇಕಿತ್ತು’ ಮತ್ತು ‘ನೋಡಲಿಲ್ಲ’ ಹೆಚ್ಚಿದ್ದರೆ ಕೂತು ಬರೆಯುವ ರೀತಿಯನ್ನೇ ಬದಲಿಸಬೇಕು. ಮೊದಲ ಸುತ್ತಿನಲ್ಲಿ ಎಲ್ಲ ಪ್ರಶ್ನೆಗಳ ಮೇಲೂ ಕಣ್ಣಾಡಿಸಿ ಕೂಡಲೇ ಆಗುವುದನ್ನು ಮಾಡಿ ಮುಗಿಸಿ. ಎರಡನೆಯ ಸುತ್ತಿನಲ್ಲಿ ಸ್ವಲ್ಪ ಕೆಲಸ ಬೇಡುವುದನ್ನು ಎತ್ತಿಕೊಳ್ಳಿ. ಉಳಿದವು ಪತ್ರಿಕೆಯಲ್ಲೇ ಉಳಿಯಲಿ. ಎರಡು ನಿಮಿಷವಾದರೂ ದಾರಿ ಕಾಣದಿದ್ದರೆ ಅಲ್ಲಿಂದ ಏಳಬೇಕು ಎನ್ನುವ ನಿಯಮವನ್ನು ಮನೆಯಲ್ಲೇ ಮೈಗೂಡಿಸಿಕೊಂಡು ಹೋಗಬೇಕು.

ತರ್ಕದ ಭಾಗದಲ್ಲಂತೂ ಈ ಆಯ್ಕೆಯೇ ಎಲ್ಲ. ಅಲ್ಲಿ ಬಿಡಿ ಪ್ರಶ್ನೆಗಳಿಗಿಂತ ನಾಲ್ಕೈದು ಪ್ರಶ್ನೆಗಳ ಗುಂಪುಗಳು ಮುಖ್ಯ. ಒಂದು ಒಗಟು ಬಿಡಿಸಿಕೊಂಡರೆ ಅಷ್ಟೂ ಪ್ರಶ್ನೆ ಕೈಗೆ ಬರುತ್ತವೆ, ಇಲ್ಲದಿದ್ದರೆ ಅಷ್ಟೂ ಹೋಗುತ್ತವೆ. ಮೊದಲ ಮೂರು ನಾಲ್ಕು ನಿಮಿಷ ಪೆನ್ನು ಹಿಡಿಯದೆ ಎಲ್ಲ ಗುಂಪುಗಳನ್ನೂ ಓದಿ, ಯಾವುದಕ್ಕೆ ಇಳಿಯಬೇಕೆಂದು ತೀರ್ಮಾನಿಸುವವರು ನಿಧಾನವಾಗಿ ಕಂಡರೂ ಮುಂದೆ ಹೋಗುತ್ತಾರೆ. ಕೈ ಕಟ್ಟಿ ಕೂತು ಓದುವ ಆ ಧೈರ್ಯ ಐದಾರು ಮಾಕ್‌ಗಳಲ್ಲಿ ಪೆಟ್ಟು ತಿಂದ ಮೇಲೆಯೇ ಬರುವುದು.

ಪರ್ಸೆಂಟೈಲ್ ಅಂದರೆ ಜಾತಕವಲ್ಲ

ಮಾಕ್‌ನ ಅಂಕಿ ನೋಡಿ ಎದೆ ಒಡೆದುಕೊಳ್ಳುವ ಮಕ್ಕಳಿಗೆ ಒಂದು ಮಾತು. ಪರ್ಸೆಂಟೈಲ್ ಎಂದರೆ ಶೇಕಡಾ ಅಂಕವಲ್ಲ. ಬರೆದವರಲ್ಲಿ ಶೇಕಡಾ ಎಷ್ಟು ಮಂದಿ ನಿಮಗಿಂತ ಹಿಂದಿದ್ದಾರೆ ಎನ್ನುವ ಲೆಕ್ಕ ಅದು. 2024ರ ಕ್ಯಾಟ್ ಬರೆದವರು ಸುಮಾರು 2.93 ಲಕ್ಷ ಮಂದಿ. ಅಲ್ಲಿ 99 ಪರ್ಸೆಂಟೈಲ್ ಪಡೆದವರ ಮುಂದೆ ಇನ್ನೂ ಸುಮಾರು 2,930 ಮಂದಿ ಇದ್ದರು. ಈ ಅಂಕಿಯ ಅರ್ಥ ಯಾರ ಜೊತೆ ಬರೆದಿರಿ ಎನ್ನುವುದರ ಮೇಲೆ ನಿಂತಿದೆ. ದುಡ್ಡು ಕಟ್ಟಿ ಮಾಕ್ ಸರಣಿ ಬರೆಯುವವರು ಗಟ್ಟಿ ತಯಾರಿಯಲ್ಲಿರುವವರು. ಅವರ ನಡುವಿನ 70 ಮತ್ತು ಎಲ್ಲರೂ ಬರೆಯುವ ನಿಜವಾದ ಪರೀಕ್ಷೆಯ 70 ಒಂದೇ ಅಲ್ಲ. ಮಾಕ್‌ಗಳ ಕಷ್ಟವೂ ಒಂದೊಂದರಲ್ಲಿ ಒಂದೊಂದು ಬಗೆ.

ಹಾಗಾಗಿ ಪರ್ಸೆಂಟೈಲನ್ನು ಜಾತಕದ ಹಾಗೆ ಓದಬೇಡಿ. ಬೇರೆ ಮೂರು ಅಂಕಿಗಳನ್ನು ಗಮನಿಸಿ: ಉತ್ತರಿಸಿದ್ದರಲ್ಲಿ ಎಷ್ಟು ಸರಿ, ತಪ್ಪಿಗೆ ಎಷ್ಟು ನಿಮಿಷ ಹೋಯಿತು, ಬರುವ ಪ್ರಶ್ನೆಗಳಲ್ಲಿ ನೋಡದೆ ಬಿಟ್ಟದ್ದೆಷ್ಟು. ಈ ಮೂರು ಸುಧಾರಿಸುತ್ತಿದ್ದರೆ ಪರ್ಸೆಂಟೈಲ್ ತಡವಾಗಿಯಾದರೂ ಅವುಗಳ ಹಿಂದೆಯೇ ಬರುತ್ತದೆ. ಐಐಎಂಗಳು ಒಟ್ಟು ಅಂಕದ ಜೊತೆಗೆ ಪ್ರತಿ ಭಾಗದಲ್ಲೂ ಕನಿಷ್ಠ ಮಟ್ಟ ಕೇಳುತ್ತವೆ. ಗಣಿತದಲ್ಲಿ ಹುಲಿಯಾಗಿ ಇಂಗ್ಲಿಷಿನಲ್ಲಿ ಜಾರಿದರೆ ಕರೆ ಬರುವುದಿಲ್ಲ ಎನ್ನುವುದನ್ನೂ ನೆನಪಿಡಿ.

ಯಾವಾಗ, ಎಷ್ಟು, ಹೇಗೆ

ತಯಾರಿ ಶುರು ಮಾಡುವ ವಾರವೇ ಹಳೆಯ ಒಂದು ಕ್ಯಾಟ್ ಪತ್ರಿಕೆಯನ್ನು ಸಮಯ ಹಿಡಿದು ಬರೆಯಿರಿ. ಎಷ್ಟೇ ಬರಲಿ, ಹೊರಡುವ ಊರು ಯಾವುದೆಂದು ಗೊತ್ತಾಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಹದಿನೈದು ದಿನಕ್ಕೊಂದು ಸಾಕು. ಸೆಪ್ಟೆಂಬರಿನಿಂದ ವಾರಕ್ಕೊಂದು, ಅಕ್ಟೋಬರಿನಿಂದ ನವೆಂಬರ್ ಮಧ್ಯದವರೆಗೆ ವಾರಕ್ಕೆ ಎರಡು. ಕೊನೆಯ ಎಂಟು ಹತ್ತು ದಿನ ಹೊಸ ಮಾಕ್ ಕಡಿಮೆ ಮಾಡಿ ತಪ್ಪಿನ ಪುಸ್ತಕ ಓದಿ. ಲೆಕ್ಕ ಹಾಕಿದರೆ ಇಪ್ಪತ್ತರಿಂದ ಇಪ್ಪತ್ತೈದು ಆಗುತ್ತದೆ. ಐವತ್ತು ಬರೆದವರ ಕಥೆ ಕೇಳಿ ಗಾಬರಿಯಾಗಬೇಡಿ. ಓದದೆ ಬರೆದ ಐವತ್ತಕ್ಕಿಂತ ಓದಿ ಬರೆದ ಇಪ್ಪತ್ತು ಮೇಲು.

ಹಳೆಯ ಪತ್ರಿಕೆಗಳಿಗಿಂತ ಉತ್ತಮ ಮಾಕ್ ಇಲ್ಲ. ಪ್ರಶ್ನೆ ಕಟ್ಟುವವರ ಕೈಯ ಗುಣ ಅದರಲ್ಲಿದೆ. ಎರಡು ಮೂರು ವರ್ಷದ ಪತ್ರಿಕೆಗಳನ್ನು ಮುಟ್ಟದೆ ಇಟ್ಟುಕೊಂಡು ನವೆಂಬರಿನಲ್ಲಿ ಬರೆಯಿರಿ. ಪರೀಕ್ಷೆಗೆ ಮುನ್ನ ಐಐಎಂಗಳ ಅಧಿಕೃತ ಜಾಲತಾಣದಲ್ಲಿ ಉಚಿತ ಮಾಕ್ ಬರುತ್ತದೆ. ಪರದೆ ಹೇಗಿರುತ್ತದೆ, ಕ್ಯಾಲ್ಕ್ಯುಲೇಟರ್ ಎಲ್ಲಿದೆ, ‘ಆಮೇಲೆ ನೋಡುತ್ತೇನೆ’ ಎಂದು ಗುರುತು ಹಾಕಿದ ಪ್ರಶ್ನೆ ಯಾವ ಬಣ್ಣಕ್ಕೆ ತಿರುಗುತ್ತದೆ ಎನ್ನುವುದನ್ನೆಲ್ಲ ಅಲ್ಲೇ ಕಲಿತಿರಬೇಕು. ಜಿಮ್ಯಾಟ್ ಬರೆಯುವವರಿಗೂ ಅಧಿಕೃತ ಅಭ್ಯಾಸ ಪರೀಕ್ಷೆಗಳಿವೆ. ಮೊದಲ ಎರಡು ಉಚಿತ.

ಬರೆಯುವ ರೀತಿಯಲ್ಲಿ ರಾಜಿ ಬೇಡ. ಕ್ಯಾಟ್‌ನ ಪಾಳಿಗಳು ಬೆಳಿಗ್ಗೆ 8.30ಕ್ಕೆ, ಮಧ್ಯಾಹ್ನ 12.30ಕ್ಕೆ, ಸಂಜೆ 4.30ಕ್ಕೆ ಶುರುವಾಗುತ್ತಾ ಬಂದಿವೆ. ಪ್ರವೇಶ ಪತ್ರದಲ್ಲಿ ನಿಮ್ಮ ಪಾಳಿ ತಿಳಿದ ದಿನದಿಂದ ಅದೇ ಹೊತ್ತಿಗೆ ಮಾಕ್ ಬರೆಯಿರಿ. ಊಟವಾದ ಮೇಲೆ ತೂಕಡಿಸುವ ಮೈಗೆ ಮಧ್ಯಾಹ್ನದ ಪಾಳಿ ಬಂದರೆ ಅದನ್ನು ಮೊದಲೇ ಒಗ್ಗಿಸಬೇಕಾಗುತ್ತದೆ. ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಮನೆಗೆ ನೆಂಟರು ಬಂದರೆಂದು ನಡುವೆ ನಿಲ್ಲಿಸಿ ಕಾಫಿ ಕುಡಿದು ಬಂದು ಮುಂದುವರಿಸಿದ ಮಾಕ್ ಲೆಕ್ಕಕ್ಕಿಲ್ಲ. ಮನೆಯಲ್ಲಿ ಗದ್ದಲವಿದ್ದರೆ ಸಾರ್ವಜನಿಕ ಗ್ರಂಥಾಲಯಕ್ಕೋ ಗೆಳೆಯರ ಮನೆಗೋ ಹೋಗಿ. ಹೆತ್ತವರಲ್ಲೂ ಒಂದು ಕೋರಿಕೆ: ಭಾನುವಾರದ ಆ ಎರಡು ಗಂಟೆ ಮಕ್ಕಳನ್ನು ಅಂಗಡಿಗೆ ಕಳಿಸಬೇಡಿ, ಬರೆದು ಎದ್ದ ಕೂಡಲೇ ‘ಎಷ್ಟು ಬಂತು’ ಎಂದು ಕೇಳಬೇಡಿ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಮೊದಲ 40 ನಿಮಿಷ ಭಾರವಾಗುತ್ತದೆ. ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ ನಡೆಯುತ್ತದೆ, ಮೊದಲ ಭಾಗದ 24 ಪ್ರಶ್ನೆಗಳಲ್ಲಿ 16 ಗದ್ಯಭಾಗಗಳನ್ನು ಓದಿ ಉತ್ತರಿಸುವಂಥವು. ಈ ಮಕ್ಕಳು ಮೊದಲ ಆರೇಳು ಮಾಕ್‌ಗಳಲ್ಲಿ ನಾಲ್ಕು ಗದ್ಯಭಾಗಗಳಲ್ಲಿ ಮೂರನ್ನೇ ಚೆನ್ನಾಗಿ ಓದಿ ಸರಿ ಮಾಡುವ ಗುರಿ ಇಟ್ಟುಕೊಳ್ಳಲಿ. ದಿನವೂ ಒಂದು ಇಂಗ್ಲಿಷ್ ಸಂಪಾದಕೀಯ ಓದಿ ಅದರ ಸಾರವನ್ನು ಕನ್ನಡದಲ್ಲೇ ನಾಲ್ಕು ಸಾಲು ಬರೆಯಲಿ. ಅರ್ಥವಾದದ್ದು ತಾಯ್ನುಡಿಯಲ್ಲಿ ಸಲೀಸಾಗಿ ಬರುತ್ತದೆ, ಅರ್ಥವಾಗದ್ದು ಅಲ್ಲಿಯೇ ತೊಡರುತ್ತದೆ. ಎಲ್ಲಿ ತಿಳಿಯಲಿಲ್ಲ ಎನ್ನುವುದನ್ನು ಅದು ಮುಚ್ಚಿಡುವುದಿಲ್ಲ.

ಲ್ಯಾಬಿನ ಬೀಗ ತೆಗೆಯಿರಿ

ಆ ಹುಡುಗಿ ಮೂರು ವಾರ ಹೊಸ ಮಾಕ್ ಬರೆಯಲಿಲ್ಲ. ಹಳೆಯ ಹದಿನಾಲ್ಕನ್ನೂ ತೆರೆದು ಓದಿದಳು. ಮುನ್ನೂರಕ್ಕೂ ಹೆಚ್ಚು ಸಾಲುಗಳ ತಪ್ಪಿನ ಪುಸ್ತಕ ಆಯಿತು. ‘ಗೊತ್ತಿಲ್ಲ’ ಎಂಬ ಹಣೆಪಟ್ಟಿ ಮೂರರಲ್ಲಿ ಒಂದಕ್ಕೂ ಇರಲಿಲ್ಲ. ಅದಾದ ಮೇಲೆ ಎಂಟು ಮಾಕ್ ಬರೆದಳು, ಎಂಟನ್ನೂ ಓದಿದಳು. ಡಿಸೆಂಬರಿನಲ್ಲಿ ಫಲಿತಾಂಶ ಬಂದಾಗ 87 ಪರ್ಸೆಂಟೈಲ್. ಐಐಎಂ ಸಿಗಲಿಲ್ಲ. ನಮ್ಮ ರಾಜ್ಯದ್ದೇ ಒಂದು ಒಳ್ಳೆಯ ಕಾಲೇಜಿನಲ್ಲಿ ಎಂಬಿಎ ಓದುತ್ತಿದ್ದಾಳೆ. ತಪ್ಪಿನ ಪುಸ್ತಕವನ್ನು ತನ್ನೂರಿನ ಇನ್ನೊಬ್ಬ ಹುಡುಗಿಗೆ ಕೊಟ್ಟು ಹೋಗಿದ್ದಾಳೆ.

ಅವಳ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ ಎನ್ನುವುದನ್ನು ಹೇಳಲೇಬೇಕು. ಮೊದಲ ಹದಿನಾಲ್ಕರಲ್ಲಿ ಒಂಬತ್ತನ್ನು ಅವಳು ಮೊಬೈಲಿನ ಅಂಗೈಯಗಲದ ಪರದೆಯ ಮೇಲೆ ಬರೆದಿದ್ದಳು. ಕೋಷ್ಟಕವನ್ನು ಬೆರಳಲ್ಲಿ ಹಿಗ್ಗಿಸಿ, ಸರಿಸಿ, ಮತ್ತೆ ಪ್ರಶ್ನೆಗೆ ಮರಳುವಷ್ಟರಲ್ಲಿ ಅರ್ಧ ನಿಮಿಷ ಹೋಗುತ್ತಿತ್ತು. ಈ ಪರೀಕ್ಷೆಯ ಶುಲ್ಕ 2025ರಲ್ಲಿ 2,600 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ ಮತ್ತು ಅಂಗವಿಕಲರಿಗೆ 1,300. ಅಷ್ಟನ್ನು ಹೊಂದಿಸಿಕೊಂಡು ಹುಬ್ಬಳ್ಳಿಗೋ ಮೈಸೂರಿಗೋ ಬೆಳಗಾವಿಗೋ ಬಸ್ಸು ಹತ್ತಿ ಹೋಗುವ ಮಗು, ಮೌಸ್ ಹಿಡಿದು ಪೂರ್ಣ ಪರೀಕ್ಷೆ ಬರೆಯುವುದು ಅದೇ ಮೊದಲ ಸಲ ಆಗಬಾರದು.

ನಮ್ಮ ತಾಲ್ಲೂಕು ಕೇಂದ್ರಗಳ ಪದವಿ ಕಾಲೇಜುಗಳಲ್ಲಿ ಕಂಪ್ಯೂಟರ್ ಲ್ಯಾಬುಗಳಿವೆ. ಭಾನುವಾರ ಅವುಗಳಿಗೆ ಬೀಗ ಬಿದ್ದಿರುತ್ತದೆ. ಹಳೆಯ ಪತ್ರಿಕೆಗಳು ಉಚಿತ, ಅಧಿಕೃತ ಮಾಕ್ ಉಚಿತ. ಬೇಕಾದದ್ದು ಇಪ್ಪತ್ತು ಕಂಪ್ಯೂಟರ್, ಜುಲೈನಿಂದ ನವೆಂಬರಿನವರೆಗೆ ಭಾನುವಾರದ ಮೂರು ಗಂಟೆ, ಬಾಗಿಲು ತೆಗೆದು ಕೂರುವ ಒಬ್ಬ ಅಧ್ಯಾಪಕರು. ಪ್ರಾಂಶುಪಾಲರಲ್ಲಿ ನನ್ನ ವಿನಂತಿ ಇಷ್ಟೇ: ಜುಲೈನಿಂದ ಆ ಬೀಗ ತೆಗೆಸಿ, ಬರುವ ಪ್ರತಿ ಮಗುವಿನ ಕೈಗೂ ಇನ್ನೂರು ಪುಟದ ಒಂದು ನೋಟ್‌ಬುಕ್ಕು ಕೊಡಿ.